ಅಕ್ಕ ಕಟ್ಟಿದ ನಮ್ಮೂರ ಪದ

ನಾನು ಚಿಕ್ಕವಳಿದ್ದಾಗ ನಮ್ಮೂರಿನಲ್ಲಿ ಬೆಳಗಾಗುತ್ತಿದ್ದುದು ಕತ್ತಿ ಮಸೆಯುವ ಸದ್ದಿನಿಂದ. ಕೋಳಿ ಕೂಗುವ ಮೊದಲೇ ಒಂದೊಂದು ಮನೆಯ ಮುಂದಿನ ಕಲ್ಲಿನ ಮೇಲೂ ಸರಕ್ ಸರಕ್ ಎಂದು ಕಬ್ಬಿಣ ಉಜ್ಜುವ ಸದ್ದು ಏಳುತ್ತಿತ್ತು. ತಾಳಮಲೆಯಿಂದ ಹಾಸನೂರಿನ ಕಡೆಗೆ ಹೋಗುವ ಕಾಡುದಾರಿಯ ಪಕ್ಕದ ಇಳಿಜಾರಿನಲ್ಲಿ ನಮ್ಮ ಗುಡಿಸಲುಗಳಿದ್ದವು. ಗಂಡಸರು ಕೂಪಿಗೆ, ಅಂದರೆ ಬಿದಿರು ಕಡಿಯಲೆಂದು ಕಾಡಿನಲ್ಲಿ ಗುರುತು ಮಾಡಿಕೊಟ್ಟ ಜಾಗಕ್ಕೆ, ಕೂಲಿ ಹೋಗುತ್ತಿದ್ದರು. ಹೆಂಗಸರು ದೂರದ ರಾಗಿ ಹೊಲಗಳಲ್ಲಿ ಕಳೆ ಕೀಳುತ್ತಿದ್ದರು. ಹೊಲದ ಕೆಲಸ ಇಲ್ಲದ ದಿನ ಬಿದಿರು ಸೀಳಿ ತಡಿಕೆ, ಮೊರ, ಮಂಕರಿ ಹೆಣೆಯುತ್ತಿದ್ದರು. ಊರೆಲ್ಲ ಹಸಿ ಬಿದಿರಿನ ವಾಸನೆ. ನನ್ನ ಬೆರಳಿಗೆ ಸಿಬಿರು ಚುಚ್ಚದ ದಿನವೇ ಇರಲಿಲ್ಲ.

ಮನೆಯಲ್ಲಿ ಅಪ್ಪ, ಅವ್ವ, ಅಕ್ಕ, ನಾನು, ಇನ್ನೂ ಸರಿಯಾಗಿ ಮಾತು ಬಾರದ ತಮ್ಮ. ಅಕ್ಕ ಆಗಲೇ ದೊಡ್ಡವಳಾಗಿದ್ದಳು, ಅವ್ವನ ಜೊತೆ ಕೂಲಿಗೆ ಹೋಗುತ್ತಿದ್ದಳು. ಅವಳದು ಸ್ವಲ್ಪ ಒಡಕು ದನಿ, ಬಿರುಕು ಬಿಟ್ಟ ಮಡಕೆಯನ್ನು ಬೆರಳಿನಿಂದ ತಟ್ಟಿದ ಹಾಗೆ. ಆದರೆ ಹೊಲದ ಈ ಬದುವಿನಲ್ಲಿ ಹಾಡಿದರೆ ಆ ಬದುವಿನವರೆಗೂ ಕೇಳುತ್ತಿತ್ತು.

ಒಂದು ಸಲ ಕಳೆ ಕೀಳಲು ಹೋದಾಗ ಬೇರೆ ಊರಿನ ಹೆಂಗಸರು ನಮ್ಮವರನ್ನು ‘ಸಿಬಿರಿನೂರೋರು’ ಎಂದು ಆಡಿಕೊಂಡು ನಕ್ಕರಂತೆ. ಹೊಲವಿಲ್ಲ, ಗದ್ದೆಯಿಲ್ಲ, ಕಾಡಿನ ಮಗ್ಗುಲಿಗೆ ಬಿದ್ದುಕೊಂಡಿರುವ ಅದೂ ಒಂದು ಊರೇ ಎಂದರಂತೆ. ಅಕ್ಕ ಮನೆಗೆ ಬಂದಳು. ಬಿದಿರು ಸೀಳುತ್ತಾ ಕುಳಿತಳು, ತುಟಿ ಮಾತ್ರ ಅಲ್ಲಾಡುತ್ತಿತ್ತು. ಮಾರನೆಯ ದಿನ ಅದೇ ಹೊಲದಲ್ಲಿ, ಅದೇ ಹೆಂಗಸರ ಎದುರಿಗೆ ಸೊಂಟ ಬಗ್ಗಿಸಿ ಕಳೆ ಕೀಳುತ್ತಲೇ ಅವಳು ಹಾಡಿದ ಪದ ಇದು:

ನಮ್ಮೂರು ಯಾವೂರು ಕೇಳಿರವ್ವ
ಬಿದುರ ಮೆಳೆ ಮಗ್ಗುಲ ಬಡವರೂರು
ಬಡವರೂರಾದರೂ ಬಗ್ಗದೂರು
ಬೆಳಗಾದ್ರೆ ಕತ್ತಿಯ ಮಸೆಯೋ ಊರು

ಆನೆ ಬಂದರೆ ತಮಟೆ ಬಡಿಯೋರು
ಅಂಬಲಿ ಇದ್ದರೆ ಅಂಚಿ ಕುಡಿಯೋರು
ತಡಿಕೆ ಎಣೆದು ತಂಡಿ ತಡೆಯೋರು
ತಂಗಳಾದರೂ ನಕ್ಕು ಉಣ್ಣೋರು

ಅಂಬಲಿ ಇದ್ದರೆ ಹಂಚಿಕೊಂಡು ಕುಡಿಯುವುದು ನಮ್ಮೂರಿನಲ್ಲಿ ನಿಜವಾಗಿಯೂ ಇತ್ತು. ಕೇಳಿದ ಹೆಂಗಸರು ಮೊದಲು ಮುಖ ತಿರುಗಿಸಿದರು. ಮಧ್ಯಾಹ್ನದ ಹೊತ್ತಿಗೆ ಅವರೂ ಸೊಲ್ಲು ಹಿಡಿದು ಹಾಡುತ್ತಿದ್ದರಂತೆ. ಪದ ಬೆಳೆಯಿತು. ಊರಿನ ಬಾವಿಗೆ ಒಂದು ಸಾಲು, ಕುಂಟು ನಾಯಿಗೆ ಒಂದು ಸಾಲು, ಕೂಪಿನಿಂದ ಗಂಡಸರು ಹಿಂದಿರುಗುವ ಹೊತ್ತಿಗೆ ಒಂದು ಸಾಲು. ಮೊರ ಕೇರುವಾಗ, ರಾಗಿ ಬೀಸುವಾಗ, ಮಗು ತೂಗುವಾಗ ಎಲ್ಲರ ಬಾಯಲ್ಲೂ ಅದೇ. ನಮ್ಮೂರು ಚೆಂದದ್ದು ಅಂತ ನನಗೆ ಮೊದಲು ಅನಿಸಿದ್ದು ಆ ಪದ ಕೇಳಿದ ಮೇಲೆ.

ಅದರಲ್ಲಿ ಇನ್ನೆರಡು ಸಾಲುಗಳಿದ್ದವು. ಅವುಗಳಿಂದಲೇ ನಾವು ಒಂದು ದಿನ ನಡುಗಿಹೋದದ್ದು.

ಗಾರ್ಡು ಕಾಣದ ದಾರಿಯೊಂದುಂಟು
ಗವಿಕಲ್ಲ ಇಂದೆ ಗೆಣಸಿನ ಗಂಟು

ಗವಿಕಲ್ಲು ಅಂದರೆ ನಮ್ಮೂರಿನ ಮೇಲ್ಗಡೆ ಕಾಡಿನೊಳಗಿದ್ದ ಆನೆಗಾತ್ರದ, ಅಲ್ಲ, ಹತ್ತಾನೆ ಗಾತ್ರದ ಬಂಡೆ. ಅದರ ಹಿಂದೆ ಕಾಡುಗೆಣಸು ಸಿಗುತ್ತಿತ್ತು. ಚಳಿಗಾಲದಲ್ಲಿ ಕೂಲಿ ಕಡಿಮೆಯಾದಾಗ ಅದನ್ನು ಅಗೆದು ತಂದು ಬೇಯಿಸಿ ತಿನ್ನುತ್ತಿದ್ದೆವು. ಬೆಂದ ಗೆಣಸಿನ ಸಿಪ್ಪೆ ಸುಲಿದರೆ ಒಳಗೆ ಬೆಣ್ಣೆಯಂಥ ಬಿಳುಪು, ಮಣ್ಣಿನ ಘಮಲು. ಆದರೆ ಕಾಡಿನ ಆ ಭಾಗಕ್ಕೆ ಯಾರೂ ಕಾಲಿಡಬಾರದೆಂದು ಕಟ್ಟಪ್ಪಣೆಯಿತ್ತು. ಹೆಂಗಸರು ಮಾತ್ರ ಬಿದಿರು ಮೆಳೆಗಳ ಸಂದಿಯಲ್ಲಿ ನುಸುಳಿ ಒಂದು ಕಿರುದಾರಿಯಲ್ಲಿ ಹೋಗಿಬರುತ್ತಿದ್ದರು. ಸಿಕ್ಕಿಬಿದ್ದರೆ ಕತ್ತಿ ಕಿತ್ತುಕೊಳ್ಳುತ್ತಾರೆ, ಗಂಡಸರಿಗೆ ಕೂಪಿನ ಕೆಲಸ ಇಲ್ಲವಾಗುತ್ತದೆ ಎಂಬ ಹೆದರಿಕೆ. ಆ ಎರಡು ಸಾಲು ಊರೊಳಗೇ ಇರಲಿ ಎಂದು ಅಪ್ಪ ಅಕ್ಕನಿಗೆ ಹೇಳಿದ್ದರು. ಅಷ್ಟರಲ್ಲಿ ಹಾಸನೂರಿನಲ್ಲಿ ಲಾರಿಗೆ ಬಿದಿರು ತುಂಬುವವರೆಲ್ಲ ಅದನ್ನು ಹಾಡುತ್ತಿದ್ದರು.

ಅದು ಕಾರ್ತಿಕ ಕಳೆದ ಮೇಲಿನ ಒಂದು ದಿನ. ಬೆಳಗಿನ ಮಂಜು ಇನ್ನೂ ಮೆಳೆಗಳ ಮೇಲೆ ತೂಗುತ್ತಿತ್ತು. ಅವ್ವ ಪಕ್ಕದ ಮನೆಯ ಇಬ್ಬರು ಹೆಂಗಸರ ಜೊತೆ ಗುದ್ದಲಿ ಸೆರಗಿನಲ್ಲಿ ಮುಚ್ಚಿಕೊಂಡು ಗವಿಕಲ್ಲಿನ ಕಡೆ ಹೋದಳು. ಅಪ್ಪನ ಅಂಗಾಲಿಗೆ ಬಿದಿರಿನ ಮೋಟು ಹೊಕ್ಕು ಗಾಯವಾಗಿತ್ತು, ಕೂಪಿಗೆ ಹೋಗದೆ ಜಗಲಿಯ ಮೇಲೆ ತಡಿಕೆ ಹೆಣೆಯುತ್ತಿದ್ದರು. ಅಕ್ಕ ಸೀಳು ಎತ್ತಿಕೊಡುತ್ತಿದ್ದಳು. ನಾನು ತಮ್ಮನಿಗೆ ಅಂಬಲಿ ಕುಡಿಸುತ್ತಿದ್ದೆ.

ಬಿಸಿಲು ಏರುವ ಹೊತ್ತಿಗೆ ಇಳಿಜಾರಿನ ಕೆಳಗಿನಿಂದ ಖಾಕಿ ಬಟ್ಟೆ ಕಾಣಿಸಿತು. ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಬಂದವರು ಕಾಡಿನ ಗಾರ್ಡು. ಅವರು ಹೊಸಬರು, ಸತ್ಯಮಂಗಲದ ಕಡೆಯವರು. ತಮಿಳು ಬೆರೆತ ಕನ್ನಡ ಅವರದು. ನಮ್ಮ ಜಗಲಿಯ ಮುಂದೆ ನಿಂತು ಬೆವರು ಒರೆಸಿಕೊಂಡರು. ಅಪ್ಪ ನೋಯುವ ಕಾಲಿನಲ್ಲೇ ಎದ್ದು ನಿಂತರು. ಅಕ್ಕನ ಕೈಯಿಂದ ಸೀಳು ಜಾರಿ ಬಿತ್ತು.

“ಗಾರ್ಡು ಕಾಣದ ದಾರಿ ಅಂತ ಒಂದು ಪಾಟ್ಟು ಇದೆಯಲ್ಲ,” ಎಂದರು ಅವರು. “ಅದು ಯಾರು ಕಟ್ಟಿದ್ದು? ಸೊಲ್ಲುಂಗ.”

ಪಾಟ್ಟು ಅಂದರೆ ಹಾಡು, ಸೊಲ್ಲುಂಗ ಅಂದರೆ ಹೇಳಿ. ಸಂತೆಗೆ ಹೋಗಿಬರುವ ನಮಗೆ ಅಷ್ಟು ತಮಿಳು ಗೊತ್ತಿತ್ತು. ತಮ್ಮ ಎಲ್ಲಿ ಆ ಪದವನ್ನೇ ತೊದಲಿಬಿಡುತ್ತಾನೋ ಎಂದು ಅವನ ಬಾಯಿಗೆ ಅಂಬಲಿಯ ಬಟ್ಟಲು ಹಿಡಿದೆ.

“ಅದು ಯಾರ್ದೂ ಅಲ್ಲ ಸಾಮಿ,” ಎಂದರು ಅಪ್ಪ. “ಎಂಗಸ್ರು ಕಳೆ ಕೀಳಕರ ಏನೇನೋ ಏಳ್ಕತಾರೆ. ಉಂಟು ಅಂದ್ರೆ ಗಂಟು ಅಂತಾರೆ. ಪದದಾಗೆ ಬಂದದ್ದೆಲ್ಲ ದಿಟವಾ?”

ಗಾರ್ಡು ನಗಲಿಲ್ಲ, ಗದರಲೂ ಇಲ್ಲ. ತಾಳಮಲೆ ಕಡೆಯಿಂದ ಒಂದು ಒಂಟಿ ಸಲಗ ಇತ್ತ ಬಂದಿದೆ, ಅದಕ್ಕೆ ಮದ ಏರಿದೆ, ನಿನ್ನೆ ಒಬ್ಬ ದನಗಾಹಿಯ ಗುಡಿಸಲು ಮುರಿದು ಅವನ ಕಾಲು ಊನ ಮಾಡಿದೆ ಎಂದು ನಿಧಾನವಾಗಿ ಹೇಳಿದರು. ಹೆಜ್ಜೆ ಗುರುತು ಹಿಡಿದು ಬಂದರೆ ಗವಿಕಲ್ಲಿನ ಕೆಳಗೆ ಬಂಡೆಯ ಮೇಲೆ ತಪ್ಪಿಹೋಗಿದೆ, ಅಲ್ಲಿಗೆ ಜನ ಹೋಗುವ ದಾರಿ ಇದ್ದರೆ ಇವತ್ತೇ ಮುಚ್ಚಬೇಕು ಎಂದರು. ಆಮೇಲೆ ಅಪ್ಪನ ಮುಖವನ್ನೇ ನೋಡುತ್ತಾ, ಊರಿನವರು ಯಾರಾದರೂ ಒಳಗೆ ಹೋಗಿದ್ದಾರೆಯೇ ಎಂದು ಕೇಳಿದರು.

“ಯಾರೂ ಓಗಿಲ್ಲ ಸಾಮಿ,” ಎಂದರು ಅಪ್ಪ.

ಅಪ್ಪ ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಹಿಂದೊಮ್ಮೆ ಅರಣ್ಯ ಇಲಾಖೆಯವರೇ ಜೇನು ಕೊಳ್ಳುತ್ತೇವೆ ಎಂದು ಬಂದು, ಎಲ್ಲಿಂದ ತಂದಿರಿ ಎಂದು ಕೇಳಿ ತಿಳಿದುಕೊಂಡು, ಮರುದಿನ ಊರಿನ ಕತ್ತಿಗಳನ್ನೆಲ್ಲ ಎತ್ತಿಕೊಂಡು ಹೋಗಿದ್ದರು. ಇದೂ ಅಂಥದ್ದೇ ನೆಪ ಎಂದು ಸುತ್ತ ನಿಂತವರು ಕಣ್ಣಲ್ಲೇ ಮಾತಾಡಿಕೊಂಡರು. ಗಾರ್ಡು ಒಂದು ಚೊಂಬು ನೀರು ಕೇಳಿ ಕುಡಿದು, ಪಕ್ಕದ ಊರಿನಲ್ಲಾದರೂ ಕೇಳಿ ನೋಡುತ್ತೇನೆ ಎಂದು ಇಳಿಜಾರು ಇಳಿಯತೊಡಗಿದರು.

ಅವರ ಬೆನ್ನು ದೂರವಾದಂತೆ ನಮಗೆ ಹಗುರವಾಗಬೇಕಿತ್ತು, ಆಗಲಿಲ್ಲ. ಅಪ್ಪ ತಡಿಕೆ ಎತ್ತಿಕೊಂಡರು, ಬೆರಳು ಓಡಲಿಲ್ಲ. ಬೆಳಿಗ್ಗೆಯಿಂದ ಗವಿಕಲ್ಲಿನ ಕಡೆ ನವಿಲು ಕೂಗಿರಲಿಲ್ಲ ಎಂದು ಯಾರೋ ಅಂದರು. ಇನ್ನೊಬ್ಬರು ಸುಮ್ಮನಿರು ಎಂದರು. ನಾನು ಅಕ್ಕನ ಮುಖ ನೋಡಿದೆ. ಅವಳು ಕಾಡಿನ ಕಡೆ ನೋಡುತ್ತಿದ್ದಳು.

“ಅಪ್ಪಾ, ಅವ್ರು ಏಳಿದ್ದು ದಿಟವಾದ್ರೆ?” ಎಂದಳು.

“ಸುಳ್ಳಾದ್ರೆ ಊರಿನ ಅನ್ನ ಓಯ್ತದ ಕಣವ್ವ.”

“ದಿಟವಾದ್ರೆ ಅವ್ವ ಓಯ್ತಾಳೆ.”

ಅಕ್ಕ ಸೀರೆಯನ್ನು ಮೊಳಕಾಲಿಗೆ ಎತ್ತಿ ಕಟ್ಟಿ ಇಳಿಜಾರಿನಲ್ಲಿ ಓಡಿದಳು. ಕಲ್ಲು ಉರುಳುವ ಸದ್ದು ಕೇಳಿ ಗಾರ್ಡು ತಿರುಗಿ ನಿಂತರು. ಅವಳ ಆ ಒಡಕು ದನಿ ಜಗಲಿಯ ಮೇಲಿದ್ದ ನಮಗೂ ಕೇಳಿತು.

“ಪದ ಕಟ್ಟಿದ್ದು ನಾನೇ ಸಾಮಿ. ದಾರಿ ಅದ. ನಮ್ಮವ್ವ ಅದ್ರಾಗೇ ಓಗವ್ಳೆ.”

ಗಾರ್ಡು ಅವಳನ್ನು ಬೈಯಲಿಲ್ಲ. ಎಷ್ಟು ಹೊತ್ತಾಯಿತು, ಎಷ್ಟು ಜನ ಎಂದಷ್ಟೇ ಕೇಳಿ ಬಿರಬಿರನೆ ವಾಪಸ್ಸು ಹತ್ತಿ ಬಂದರು. ಅಪ್ಪ ಕೋಲೂರಿಕೊಂಡು ಮುಂದೆ ಬಂದು, ತಾನು ಸುಳ್ಳು ಹೇಳಿದ್ದು, ದಾರಿ ತಾನೇ ತೋರಿಸುತ್ತೇನೆ ಎಂದರು. ಊರಿನಲ್ಲಿದ್ದ ಗಂಡಸರು ತಮಟೆ, ಡಬ್ಬ ಎತ್ತಿಕೊಂಡರು. ಗಾರ್ಡು ಬೇಡವೆಂದರು. ಮದವೇರಿದ ಆನೆಯ ಹತ್ತಿರ ಇದ್ದಕ್ಕಿದ್ದ ಹಾಗೆ ತಮಟೆ ಬಡಿದರೆ ಅದು ಎತ್ತ ನುಗ್ಗುತ್ತದೋ ಹೇಳಲಾಗದು, ಹೆಂಗಸರು ಅದರ ದಾರಿಯಲ್ಲೇ ಇದ್ದರೆ? ದೂರದಿಂದಲೇ ಒಂದೇ ಸಮನೆ ಮನುಷ್ಯರ ದನಿ ಕೇಳುತ್ತಾ ಬಂದರೆ ಆನೆ ತಾನಾಗಿ ಸರಿಯಬಹುದು ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ ಹೇಳಿದರು: “ನೀನೇ ಹಾಡಮ್ಮಾ. ನಿಲ್ಲಿಸಬೇಡ.”

ಅವರೆಲ್ಲ ಬಿದಿರು ಮೆಳೆಗಳ ಸಂದಿಯಲ್ಲಿ ಮರೆಯಾದರು. ನಾನು ತಮ್ಮನನ್ನು ಸೊಂಟದ ಮೇಲೆ ಹೊತ್ತು ಊರಿನ ಕೊನೆಯ ಗುಡಿಸಲಿನ ಹತ್ತಿರ ನಿಂತೆ. ಪಕ್ಕದ ಮನೆಯ ಮುದುಕಿ ನನ್ನ ಜೊತೆ ನಿಂತಳು. ಒಳಗೆ ಹೋದ ಮೂವರಲ್ಲಿ ಒಬ್ಬಳು ಅವಳ ಸೊಸೆ. ನಮಗೆ ಏನೂ ಕಾಣುತ್ತಿರಲಿಲ್ಲ. ಬರೀ ಕೇಳಿಸುತ್ತಿತ್ತು.

‘ನಮ್ಮೂರು ಯಾವೂರು ಕೇಳಿರವ್ವ’ ಎಂದು ಅಕ್ಕನ ದನಿ. ಅದರ ಹಿಂದೆ ಗಂಡಸರ ದಪ್ಪ ದನಿಗಳು. ಹೊಲದಲ್ಲಿ ಕೇಳಿದರೆ ನಗು ಬರುತ್ತಿದ್ದ ಪದ ಕಾಡಿನೊಳಗಿಂದ ಕೇಳುವಾಗ ಅಳು ಬರಿಸುತ್ತಿತ್ತು. ದನಿ ದೂರವಾಯಿತು. ತೆಳ್ಳಗಾಯಿತು. ಗಾಳಿ ಬೀಸಿ ಬಿದಿರುಗಳು ಒಂದಕ್ಕೊಂದು ಉಜ್ಜಿ ಕಿರ್ರ್ ಎಂದಾಗ ಪದ ಪೂರ್ತಿ ಕಳೆದುಹೋಗುತ್ತಿತ್ತು. ಆಗ ಮುದುಕಿ ನನ್ನ ರಟ್ಟೆ ಹಿಡಿಯುತ್ತಿದ್ದಳು. ಗಾಳಿ ನಿಂತ ಮೇಲೆ ಮತ್ತೆ ಎಳೆಯಷ್ಟು ಕೇಳಿದರೆ ಹಿಡಿತ ಸಡಿಲವಾಗುತ್ತಿತ್ತು. ತಮ್ಮ ಅವ್ವನಿಗಾಗಿ ಅಳಲು ಶುರುಮಾಡಿದ. ನಾನು ಅವನನ್ನು ಕುಣಿಸುತ್ತಾ ಕಿವಿಯನ್ನು ಕಾಡಿಗೇ ಕೊಟ್ಟಿದ್ದೆ.

ಇದ್ದಕ್ಕಿದ್ದ ಹಾಗೆ ಆನೆ ಘೀಳಿಟ್ಟಿತು. ಆ ಸದ್ದು ನೆಲದಿಂದ ಎದ್ದು ನನ್ನ ಕಾಲಿನೊಳಗೆ ಬಂದ ಹಾಗಾಯಿತು. ತಮ್ಮ ಅಳು ನಿಲ್ಲಿಸಿದ. ಪದವೂ ನಿಂತಿತು.

ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ನನಗೆ ಗೊತ್ತಿಲ್ಲ. ಮುದುಕಿ ನೆಲದ ಮೇಲೆ ಕುಳಿತುಬಿಟ್ಟಳು, ಮಾದಪ್ಪಾ ಎಂದು ಪಿಸುಗುಟ್ಟುತ್ತಿದ್ದಳು. ಆಮೇಲೆ, ತುಂಬ ದೂರದಿಂದ, ಅಕ್ಕನ ದನಿ ಮತ್ತೆ ಶುರುವಾಯಿತು. ರಾಗ ಅದೇ, ಆದರೆ ಮಾತು ಬೇರೆ ಅನಿಸಿತು. ಏನೆಂದು ತಿಳಿಯುವಷ್ಟು ಸ್ಪಷ್ಟವಾಗಿ ಕೇಳುತ್ತಿರಲಿಲ್ಲ.

ಒಳಗೆ ನಡೆದದ್ದು ಆಮೇಲೆ ಅವ್ವನೇ ಹೇಳಿದಳು. ಅವಳೂ ಇಬ್ಬರು ಹೆಂಗಸರೂ ಗಂಟು ತುಂಬ ಗೆಣಸು ಅಗೆದುಕೊಂಡು ಬರಲು ಸಿದ್ಧರಾಗಿದ್ದರಂತೆ. ಆಗ ಪದ ಕೇಳಿಸಿತು, ಜೊತೆಗೆ ಗಂಡಸರ ದನಿ. ಒಂದು ಮೆಳೆಯ ಸಂದಿಯಲ್ಲಿ ಖಾಕಿ ಕಂಡಿತು. ಗಾರ್ಡು ಊರಿನವರನ್ನು ಮುಂದಿಟ್ಟುಕೊಂಡು ಹಿಡಿಯಲು ಬಂದಿದ್ದಾನೆ ಎಂದುಕೊಂಡು ಮೂವರೂ ಇನ್ನೂ ಒಳಕ್ಕೆ ಸರಿದರು. ಅಲ್ಲೇ ಸಲಗ ನಿಂತಿತ್ತು. ಅದು ಮೆಳೆಯ ಆಚೆ ಬದಿಗೆ ಬಿದಿರಿನ ಎಳೆ ಕೊಂಬೆ ಮುರಿಯುತ್ತಿದ್ದುದರಿಂದ ಅವರಿಗೆ ಮೊದಲು ಕಾಣಲಿಲ್ಲ. ಕಂಡಾಗ ಅದರ ಕೆನ್ನೆಯ ಮೇಲೆ ಮದ ಎಣ್ಣೆಯ ಹಾಗೆ ಇಳಿಯುತ್ತಿತ್ತು. ಅದು ಕಿವಿ ಬಿಡಿಸಿ ಘೀಳಿಟ್ಟಿತು. ಅವ್ವನಿಗೆ ಕಾಲು ಕಿತ್ತಿಡಲಾಗಲಿಲ್ಲ. ಹಿಂದೆ ಓಡಿದರೆ ಗಾರ್ಡು, ಮುಂದೆ ಆನೆ. ಹೆಗಲ ಮೇಲೆ ಗೆಣಸಿನ ಗಂಟು, ಅದರ ವಾಸನೆ ಆನೆಗೆ ಆಗಲೇ ಬಡಿದಿತ್ತು.

ಇತ್ತ ಎಲ್ಲರೂ ಗಕ್ಕನೆ ನಿಂತಿದ್ದರು. ಅಕ್ಕನಿಗೆ ಅವ್ವ ಎಲ್ಲಿದ್ದಾಳೆಂದು ಕಾಣುತ್ತಿರಲಿಲ್ಲ, ಬಂಡೆಯ ನೆತ್ತಿ ಮಾತ್ರ ಕಾಣುತ್ತಿತ್ತು. ಅವಳು ಕಿರುಚಲಿಲ್ಲ. ಕಿರುಚಿದರೆ ಆನೆ ಇನ್ನೂ ಕೆರಳುತ್ತದೆ ಎಂದು ಹೆದರಿದಳು. ಅದೇ ರಾಗದಲ್ಲಿ, ನಿಂತಲ್ಲೇ, ಆ ಎರಡು ಸಾಲನ್ನು ಬದಲಿಸಿ ಹಾಡಿದಳು:

ಗವಿಕಲ್ಲ ಮ್ಯಾಲೆ ಅತ್ತಿ ಕೂರವ್ವ
ಗೆಣಸಿನ ಗಂಟ ಬುಟ್ಟು ಬಾರವ್ವ

ಮಗಳ ದನಿ ಕೇಳಿ ಅವ್ವನ ಕಾಲಿಗೆ ಜೀವ ಬಂತಂತೆ. ಮೂವರೂ ಗಂಟುಗಳನ್ನು ಅಲ್ಲೇ ಬಿಸುಟು ಬಂಡೆಯ ಹಿಂಬದಿಯಿಂದ ಉಗುರು ಊರಿ ಹತ್ತಿದರು. ಸಲಗ ಬಂಡೆಯ ಬುಡದವರೆಗೂ ಬಂದು, ಗಂಟುಗಳನ್ನು ಸೊಂಡಿಲಿನಿಂದ ಎಳೆದು, ಬಟ್ಟೆ ಹರಿದು ಗೆಣಸು ತಿನ್ನುತ್ತಾ ನಿಂತಿತು. ಅದು ತಿಂದು ಮುಗಿಸಿ ಹಳ್ಳದ ಕಡೆ ಇಳಿದು ಹೋಗುವವರೆಗೂ ಅಕ್ಕ ಹಾಡುತ್ತಲೇ ಇದ್ದಳು. ಗಂಡಸರ ದನಿಗಳು ಒಂದೊಂದಾಗಿ ಅಡಗಿಹೋಗಿದ್ದವು, ಕೊನೆಗೆ ಜೊತೆ ಕೊಟ್ಟದ್ದು ಅಪ್ಪ ಒಬ್ಬರೇ. ಅಪ್ಪ ಹಾಡಿದ್ದನ್ನು ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ.

ಸಂಜೆಯ ಬಿಸಿಲು ಹಳದಿಯಾಗುವಾಗ ಅವರು ಮೆಳೆಗಳ ಸಂದಿಯಿಂದ ಹೊರಗೆ ಬಂದರು. ಅವ್ವನ ಮೊಳಕೈ, ಮೊಳಕಾಲು ತರಚಿ ರಕ್ತ ಹೆಪ್ಪುಗಟ್ಟಿತ್ತು. ತಮ್ಮ ನನ್ನ ಸೊಂಟದಿಂದಲೇ ಅವಳ ಕಡೆ ಹಾರಿದ. ನಾನು ಅವಳ ಸೆರಗು ಹಿಡಿದುಕೊಂಡೆ, ಮಣ್ಣಿನ ವಾಸನೆ ಬರುತ್ತಿತ್ತು. ಅಕ್ಕ ಜಗಲಿಯ ಮೇಲೆ ಕುಳಿತಳು. ಏನು ಕೇಳಿದರೂ ಅವಳ ಗಂಟಲಿನಿಂದ ದನಿಯೇ ಹೊರಡಲಿಲ್ಲ.

ಗಾರ್ಡು ಹೋಗುವ ಮುನ್ನ ಅಪ್ಪನ ಹತ್ತಿರ ನಿಂತರು. ಕತ್ತಿಗಳನ್ನು ಕೇಳಲಿಲ್ಲ, ಯಾರ ಮೇಲೂ ದೂರು ಬರೆಯಲಿಲ್ಲ. ಆದರೆ ದಾರಿಯನ್ನು ಬಿಡಲಿಲ್ಲ. ಮಾರನೆಯ ದಿನವೇ ಆಳುಗಳನ್ನು ಕರೆದುಕೊಂಡು ಬಂದು ಮುಳ್ಳು ಕಡಿಸಿ ಅದನ್ನು ಮುಚ್ಚಿಸಿದರು. ಆ ಚಳಿಗಾಲದಲ್ಲಿ ನಮಗೆ ಗೆಣಸು ಸಿಗಲಿಲ್ಲ. ಅಂಬಲಿಗೆ ನೀರು ಹೆಚ್ಚಾಯಿತು, ಹಸಿವಿನಲ್ಲಿ ಮಲಗಿದ ದಿನಗಳೂ ಇದ್ದವು. ಸತ್ಯ ಹೇಳಿ ಊರಿನ ಬಾಯಿಗೆ ಮಣ್ಣು ಹಾಕಿದಳು ಎಂದು ಅಕ್ಕನ ಮೇಲೆ ಗೊಣಗಿದವರಿಗೂ ಕೊರತೆಯಿರಲಿಲ್ಲ. ಅಕ್ಕ ಅದನ್ನೆಲ್ಲ ತಲೆ ತಗ್ಗಿಸಿ ಕೇಳುತ್ತಿದ್ದಳು. ಒಂದು ದಿನ ಆ ಮುದುಕಿ ಹೊರಗೆ ಬಂದು, ನನ್ನ ಸೊಸೆ ಉಳಿದು ಬಂದು ಬೀಸಿದ ರಾಗಿ ಇದು, ಅವಳ ಕೈಯಲ್ಲೇ ಕೊಡಿಸುತ್ತೇನೆ ಎಂದು ಒಂದು ಮೊರ ಹಿಟ್ಟನ್ನು ಸೊಸೆಯ ಕೈಯಿಂದಲೇ ಅಕ್ಕನ ಮಡಿಲಿಗೆ ಹಾಕಿಸಿದಳು. ಗೊಣಗುವುದು ಅಲ್ಲಿಗೆ ನಿಂತಿತು.

ಆಮೇಲೆ ಪದದೊಳಗಿನ ಆ ಹಳೆಯ ಸಾಲನ್ನು ಯಾರೂ ಹಾಡಲಿಲ್ಲ. ಬದಲಿಸಿದ ಸಾಲೇ ಉಳಿಯಿತು. ಈ ಕತೆ ಕೇಳದವರಿಗೆ ಅದು ಅರ್ಥವಾಗುವುದೇ ಇಲ್ಲ, ಊರನ್ನು ಹೊಗಳುವ ಪದದ ನಡುವೆ ಬಂಡೆ ಹತ್ತು ಎಂದು ಯಾಕೆ ಹೇಳುತ್ತಾರೆ ಎಂದು ಕೇಳುತ್ತಾರೆ. ಅಕ್ಕ ಗೆಟ್ಟವಾಡಿಗೆ ಮದುವೆಯಾಗಿ ಹೋದಾಗ ಆ ಪದ ಅವಳಿಗಿಂತ ಮುಂಚೆ ಅಲ್ಲಿಗೆ ತಲುಪಿತ್ತಂತೆ.

ಈಗ, ಮೊಮ್ಮಕ್ಕಳೇ, ನಿಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಟೀಚರು ಅದೇ ಪದವನ್ನು ಕಲಿಸಿದ್ದಾರೆ. ನೀವು ಬಣ್ಣದ ಲಂಗ, ಪಂಚೆ ಉಟ್ಟು ಮೈಕಿನ ಮುಂದೆ ಹಾಡುತ್ತೀರಿ, ಎಲ್ಲರೂ ಫೋನು ಎತ್ತಿ ಹಿಡಿಯುತ್ತಾರೆ. ಕೂಪು ನಿಂತು ಎಷ್ಟೋ ಕಾಲವಾಯಿತು. ನಿಮಗೆ ಬಿದಿರಿನ ಸಿಬಿರು ಚುಚ್ಚಿದ್ದನ್ನು ನಾನು ನೋಡಿಲ್ಲ, ಗೆಣಸು ನೀವು ತಿನ್ನುವುದು ಅಂಗಡಿಯದ್ದು. ಆನೆ ಎಲ್ಲಿದೆ ಎಂದು ತಿಳಿಯಲು ನಾವು ನವಿಲಿನ ಕೂಗಿಗೆ, ಗಾಳಿಗೆ ಕಿವಿ ಕೊಡುತ್ತಿದ್ದೆವು. ನಿಮಗೆ ಆನೆ ಯಾವ ತಿರುವಿನಲ್ಲಿ ನಿಂತಿದೆ ಎಂದು ಫೋಟೊ ಸಮೇತ ಫೋನಿಗೇ ಬರುತ್ತದೆ.

ಮೊನ್ನೆ ನಿಮ್ಮವ್ವ ಹೂವಿನ ತೋಟದ ಕೆಲಸ ಮುಗಿಸಿ ಬರುವ ಬಸ್ಸು ಬರಲಿಲ್ಲ. ಕಬ್ಬಿನ ಲಾರಿಯನ್ನು ಆನೆ ಅಡ್ಡಗಟ್ಟಿದೆ, ಹಿಂದೆ ಗಾಡಿಗಳೆಲ್ಲ ನಿಂತಿವೆ ಎಂದು ಸುದ್ದಿ ಬಂತು. ನೀವು ಫೋನು ಮಾಡಿದಿರಿ, ಸಿಗ್ನಲ್ ಇಲ್ಲದ ಜಾಗ, ಕರೆ ಹೋಗಲಿಲ್ಲ. ಮತ್ತೆ ಮಾಡಿದಿರಿ. ಟಿವಿ ಆರಿಸಿ, ತಟ್ಟೆಯಲ್ಲಿದ್ದುದನ್ನು ಹಾಗೇ ಬಿಟ್ಟು, ಇಬ್ಬರೂ ಬಾಗಿಲಿಗೆ ಹೋಗಿ ನಿಂತಿರಿ. ನಾನೂ ಎದ್ದು ಬಂದು ನಿಮ್ಮ ಪಕ್ಕದಲ್ಲಿ ನಿಂತೆ. ತಿರುವಿನಲ್ಲಿ ಬಸ್ಸಿನ ಬೆಳಕು ಕಾಣುವವರೆಗೂ ಮೂವರೂ ಹಾಗೇ ನಿಂತಿದ್ದೆವು.